ಕಳೆ ಮೆಷಿನ್‌ಗೆ ಬಿಪಿ ನೋಡಿದ್ದು

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ರೋಬಸ್ಟಾ ಕಾಫಿ ತೋಟ. ಕಳೆ ಹೊಡೆಯಲು ಎರಡು ಟೂ ಸ್ಟ್ರೋಕ್ ಮೆಷಿನ್ ಇವೆ. ಹಳೆಯದು ಎರಡು ವರ್ಷ ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಬೆಳಿಗ್ಗೆ ಎರಡೇ ಎಳೆತಕ್ಕೆ ಸ್ಟಾರ್ಟ್. ಹತ್ತು ಹದಿನೈದು ನಿಮಿಷ ಕೆಲಸ. ಆಮೇಲೆ ಒಮ್ಮೆ ಕಿರುಚಿ, ಆಫ್. ಸ್ವಲ್ಪ ಹೊತ್ತು ಬಿಟ್ಟು ಪೆಟ್ರೋಲ್ ಹಾಕಿ ಎಳೆದರೆ ಮತ್ತೆ ಓಡುತ್ತಿತ್ತು. ಬಿಸಿಯಾಗಿ ನಿಲ್ಲುತ್ತಿದೆ ಅಂದುಕೊಂಡೆ. ಅಲ್ಲೇ ಮೋಸ ಹೋಗಿದ್ದು.

ಮೆಕ್ಯಾನಿಕ್ ಕಾರ್ಬುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ, ಹೋಗಿದೆ ಅಂದ. ಹೊಸದು ಹಾಕಿಸಿದೆ. ಮತ್ತೆ ಅದೇ ಕತೆ, ಇನ್ನೊಂದು ಹಾಕಿಸಿದೆ. ಎರಡಕ್ಕೂ ಸೇರಿ ಮೂರು ಸಾವಿರದ ಹತ್ತಿರ ಹೋಯಿತು. ಆಳುಗಳು ಸುಮ್ನೆ ಕೂತ ದಿನಗಳ ಸಂಬಳ ಬೇರೆ. ಟ್ಯಾಂಕ್ ಮುಚ್ಚಳ ಸಡಿಲ ಮಾಡಿ ಓಡಿಸಿದೆ, ಫಿಲ್ಟರ್ ಬದಲಿಸಿದೆ. ಏನೂ ಆಗಲಿಲ್ಲ.

ಅಪ್ಪನ ಹಳೆಯ ಬಿಪಿ ಮೆಷಿನ್ ಅಟ್ಟದಲ್ಲಿತ್ತು. ಪಟ್ಟಿ ಹರಿದಿತ್ತು, ಗಾಳಿ ಒತ್ತುವ ರಬ್ಬರ್ ಬಲ್ಬು ಮತ್ತು ಮೀಟರ್ ಸರಿ ಇದ್ದವು. ಅದನ್ನು ಕಾರ್ಬುರೇಟರ್‌ನ ಪೆಟ್ರೋಲ್ ಬಾಯಿಗೆ ಸಿಕ್ಕಿಸಿ 200ರವರೆಗೆ ಒತ್ತಿದೆ. ಮುಳ್ಳು ಅಲ್ಲೇ ನಿಂತಿತು, ಇಳಿಯಲಿಲ್ಲ. ಅಂದರೆ ಸೋರಿಕೆ ಇಲ್ಲ. ಮೂಲೆಗೆ ಎಸೆದಿದ್ದ ಹಳೆಯ ಎರಡನ್ನೂ ನೋಡಿದೆ. ಅವೂ ಗಟ್ಟಿ! ಹೊಟ್ಟೆ ಉರಿಯಿತು.

ಕೊನೆಗೆ ಟ್ಯಾಂಕಿನಿಂದ ಕಾರ್ಬುರೇಟರ್‌ಗೆ ಹೋಗುವ ಪೆಟ್ರೋಲ್ ಪೈಪ್ ಎಳೆದು ತೆಗೆದು, ಒಂದು ತುದಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಗಾಳಿ ಒತ್ತಿದೆ. ಟ್ಯಾಂಕಿನ ಒಳಗೆ ಇರುವ ಭಾಗದಲ್ಲಿ, ಪೈಪ್ ಒಳಹೋಗುವ ರಬ್ಬರ್ ಬುಷ್‌ನಿಂದ ಒಂದು ಬೆರಳು ಕೆಳಗೆ ಗುಳ್ಳೆ ಬಂತು. ಕೂದಲಿನಷ್ಟು ಸೀಳು. ಟ್ಯಾಂಕ್ ತುಂಬಿದ್ದಾಗ ಅದು ಪೆಟ್ರೋಲಿನಲ್ಲಿ ಮುಳುಗಿರುತ್ತದೆ, ತೊಂದರೆ ಇಲ್ಲ. ಮಟ್ಟ ಇಳಿದ ತಕ್ಷಣ ಗಾಳಿ ಎಳೆಯುತ್ತದೆ. ಮತ್ತೆ ಓಡಿಸುತ್ತಿದ್ದದ್ದು ತಂಪಲ್ಲ, ನಾನು ತುಂಬಿದ ಪೆಟ್ರೋಲ್! ಅರವತ್ತು ರೂಪಾಯಿಯ ಪೈಪ್‌ನಲ್ಲಿ ಮುಗಿಯಿತು.

"ಎಂಜಿನ್‌ಗೂ ಬಿಪಿ ಬಂತಾ" ಅಂತ ನಕ್ಕವರೇ ಈಗ ಮೆಷಿನ್ ಹೊತ್ತು ತರುತ್ತಾರೆ. ಹತ್ತು ಹನ್ನೆರಡು ನೋಡಿರಬಹುದು. ಅರ್ಧಕ್ಕಿಂತ ಜಾಸ್ತಿ ಪೈಪ್ ಅಥವಾ ಪ್ರೈಮರ್ ಬಲ್ಬಿನದೇ (ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಎಳೆಯಲು ಒತ್ತುವ ಗುಳ್ಳೆ) ದೂರು.

ಹಾಗೇ ಒಂದು ಆಟ ಆಡಿದೆ. ಬಂಕಿನ ಪೆಟ್ರೋಲ್ 100 ಎಂಎಲ್‌ಗೆ 10 ಎಂಎಲ್ ನೀರು ಹಾಕಿ ಕುಲುಕಿದೆ. ತಳದ ನೀರು 30 ಎಂಎಲ್ ಹತ್ತಿರ ಏರಿತು. ಪೆಟ್ರೋಲಿಗೆ ಬೆರೆಸಿರುವ ಎಥನಾಲ್ ನೀರಿನ ಜೊತೆ ಕೆಳಗೆ ಇಳಿಯುತ್ತದೆ ಅಲ್ವಾ. ನಮ್ಮ ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಥಂಡಿಯಲ್ಲಿ ಪೆಟ್ರೋಲ್ ಬಿಟ್ಟು ಮೆಷಿನ್ ಮೂಲೆಗೆ ಇಟ್ಟರೆ ಏನಾಗುತ್ತದೆ ಹೇಳಿ. ಕಳೆದ ಮಳೆಗಾಲ ಒಂದನ್ನು ಪೂರ್ತಿ ಖಾಲಿ ಮಾಡಿ ಇಟ್ಟೆ, ಇನ್ನೊಂದನ್ನು ಹಾಗೇ ಬಿಟ್ಟೆ. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಖಾಲಿಯದು ನಾಲ್ಕು ಎಳೆತಕ್ಕೆ ಎದ್ದಿತು. ಇನ್ನೊಂದರ ಡಯಾಫ್ರಂ, ಅಂದರೆ ಕಾರ್ಬುರೇಟರ್ ಒಳಗಿನ ತೆಳು ಪೊರೆ, ಹಪ್ಪಳದ ಹಾಗೆ ಗಟ್ಟಿಯಾಗಿತ್ತು.

ಹೊಸ ಡಯಾಫ್ರಂ ಹಾಕಿದಾಗ ಪೆಟ್ರೋಲ್ ಬಿಡುವ ಸೂಜಿಯ ಲಿವರ್ ಎಷ್ಟು ಎತ್ತರಕ್ಕೆ ಬಗ್ಗಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಅದು ಎರಡು ವರ್ಷ ಕಳೆದು ಕಲಿತಿದ್ದು. ಬಿಪಿ ಬಲ್ಬು ಈಗ ಪೆಟ್ರೋಲ್ ಆವಿಗೆ ಬಿರುಕು ಬಿಟ್ಟಿದೆ. ಕುಶಾಲನಗರಕ್ಕೆ ಹೋದಾಗ ಮೆಡಿಕಲ್‌ನಲ್ಲಿ ಇನ್ನೊಂದು ತರಬೇಕು.