ಆಕ್ಸಿಲರೇಟರ್ ಒತ್ತಿದರೆ ಮಾತ್ರ ನಡುಕ: ಕಪ್ ಅದಲು ಬದಲು ಮಾಡಿ ಗೆದ್ದಿದ್ದು

ಮಂಡ್ಯದಲ್ಲಿ ನನಗೆ ಗೊತ್ತಿರುವ ಮೆಕ್ಯಾನಿಕ್‌ಗಳೆಲ್ಲ ಕಪ್ ಅದಲು ಬದಲು ಮಾಡಿ ನಡುಕ ನಿಲ್ಲಿಸೋದು ಆಗುವ ಕೆಲಸವಲ್ಲ ಅಂದಿದ್ದರು. ಕಪ್ ಅಂದರೆ ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟಿನ ಒಳ ಜಾಯಿಂಟಿನಲ್ಲಿ ರೋಲರ್‌ಗಳು ಕೂರುವ ಬಟ್ಟಲು. ಗಾಡಿ ಆಮೇಲೆ 20 ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ, ನಡುಕ ಮತ್ತೆ ಬಂದಿಲ್ಲ.

ಹಳೆ ಡೀಸೆಲ್ ಗಾಡಿ, ಒಂದೂವರೆ ಲಕ್ಷ ದಾಟಿತ್ತು. ನನ್ನ ಹತ್ತಿರ ಬರುವ ಹೊತ್ತಿಗೆ ಓನರ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಮುಂದಿನ ಎರಡು ಟೈರ್, ಇಂಜಿನ್ ಮೌಂಟಿಂಗ್ ಅಂತ 20 ಸಾವಿರದವರೆಗೆ ಸುರಿದಿದ್ದರು. ಮದ್ದೂರು ಕಡೆ ಹೈವೇಗೆ ತಗೊಂಡು ಹೋದೆ. 60–80ರಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಡೀ ಗಾಡಿ ಅಡ್ಡಡ್ಡ ಒದರುತ್ತದೆ, ಕಾಲು ತೆಗೆದ ತಕ್ಷಣ ಸುಮ್ಮನಾಗುತ್ತದೆ. ಟೈರಿನದ್ದಾಗಿದ್ದರೆ ಕಾಲು ತೆಗೆದರೂ ಇರಬೇಕಿತ್ತು ಅಲ್ವಾ? ಫುಲ್ ತಿರುವಿನಲ್ಲಿ ಟಕಟಕ ಸದ್ದೂ ಇಲ್ಲ. ಹಾಗಾಗಿ ಶಾಫ್ಟಿನ ಚಕ್ರದ ಕಡೆಯ ಹೊರಗಿನ ಜಾಯಿಂಟ್ ಬಿಟ್ಟು ಗೇರ್‌ಬಾಕ್ಸ್ ಕಡೆಯ ಒಳಗಿನದ್ದನ್ನೇ ಹಿಡಿದೆ.

ಡಿಕ್ಕಿಗೆ ನಾಲ್ಕು ಮೂಟೆ ಬೆಲ್ಲ ಹೇರಿಯೂ ಓಡಿಸಿದೆ. ಮೂತಿ ಸ್ವಲ್ಪ ಮೇಲೆದ್ದು ಶಾಫ್ಟಿನ ಕೋನ ಜಾಸ್ತಿಯಾಯಿತು, ನಡುಕವೂ ಜಾಸ್ತಿಯಾಯಿತು. ಅಲ್ಲಿಗೆ ಅನುಮಾನ ಉಳಿಯಲಿಲ್ಲ.

ಶಾಫ್ಟ್ ಇಳಿಸಿ ಕಪ್ ಡೀಸೆಲ್‌ನಲ್ಲಿ ತೊಳೆದೆ. ಗ್ರೀಸ್ ಕಪ್ಪಗೆ ನೀರಾಗಿತ್ತು. ಕಪ್ಪಿನೊಳಗೆ ರೋಲರ್ ಓಡಾಡುವ ಮೂರೂ ಜಾಡುಗಳಲ್ಲಿ ಒಂದೇ ಮಗ್ಗುಲು ರೋಲರ್ ಅಗಲಕ್ಕೆ ಸವೆದು ಹೊಳೆಯುತ್ತಿತ್ತು, ಉಗುರು ಎಳೆದರೆ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಎದುರಿನ ಮಗ್ಗುಲು ಹೊಸದರ ಹಾಗೇ ಇತ್ತು. ಆ ಮಗ್ಗುಲಿಗೆ ಎಳೆಯುವ ಭಾರ ಬೀಳುವುದು ರಿವರ್ಸ್‌ನಲ್ಲಿ, ರಿವರ್ಸ್ ನಾವು ಎಷ್ಟು ಹೊಡೆಯುತ್ತೇವೆ ಹೇಳಿ!

ಹೊಸ ಶಾಫ್ಟ್ ಜೋಡಿಗೆ 20 ಸಾವಿರದ ಮೇಲೆ ಹೇಳಿದರು. ಮೊದಲು 1,500 ಚಿಲ್ಲರೆಯ ರೋಲರ್ ಸೆಟ್ ಮಾತ್ರ ಹಾಕಿದೆ. ಹಳೆ ಗುಳಿಯಲ್ಲಿ ಹೊಸ ರೋಲರ್ ಕೂತು ತಿಂಗಳೊಳಗೆ ಅದೇ ಕಥೆ, ಆ ದುಡ್ಡು ಹೋಯಿತು. ಮೈಸೂರಿನ ಗುಜರಿಯಲ್ಲಿ 3 ಸಾವಿರಕ್ಕೆ ಒಂದು ಶಾಫ್ಟ್ ಇತ್ತು, ಬೂಟ್ (ಜಾಯಿಂಟ್ ಮುಚ್ಚುವ ರಬ್ಬರ್ ಹೊದಿಕೆ) ಸರಿಸಿ ನೋಡಿದರೆ ಇದಕ್ಕಿಂತ ಕಡೆ.

ಕೊನೆಗೆ ಎಡಗಡೆ ಕಪ್ ರೋಲರ್ ಸಮೇತ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದೆ. ಈಗ ಮುಂದೆ ಎಳೆಯುವ ಭಾರ ಸವೆಯದ ಮಗ್ಗುಲಿಗೆ ಬೀಳುತ್ತದೆ. ಎರಡೂ ಕಪ್‌ಗಳ ಸ್ಪ್ಲೈನ್ (ಗೇರ್‌ಬಾಕ್ಸಿನೊಳಗೆ ಕೂರುವ ಹಲ್ಲು), ಉದ್ದ ಒಂದೇ ಇದ್ದರೆ ಮಾತ್ರ ಇದು ನಡೆಯುತ್ತದೆ, ಎಷ್ಟೋ ಗಾಡಿಗಳಲ್ಲಿ ಬೇರೆ ಬೇರೆ ಇರುತ್ತದೆ, ಅಳೆದು ನೋಡಿ. ಬೂಟ್, ಕ್ಲಾಂಪ್, ಆಯಿಲ್ ಸೀಲ್, ಗೇರ್ ಆಯಿಲ್, ಆಕ್ಸಲ್ ನಟ್ ಎಲ್ಲ ಹೊಸದು, 2,500 ಆಸುಪಾಸು, ಮಜೂರಿ ಬೇರೆ. ಗ್ರೀಸ್ ಯಾವುದು, ಬೂಟಿನೊಳಗಿನ ಗಾಳಿ ಹೇಗೆ ತೆಗೆದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಬೂಟ್ ಹರಿದು ಮಣ್ಣು ಹೊಕ್ಕಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಎರಡೂ ಮಗ್ಗುಲು ತಿಂದಿರುತ್ತದೆ, ಹೊಸ ಕಪ್ ಸೆಟ್ಟೇ ತರಿಸಿ.