ನೋಟಿಸ್ ತಲುಪುವ ದಿನ ಆಕೆ ಮನೆಯಲ್ಲಿರಬಾರದು

ಹಾಸನದ ಕಡೆಯ ಒಂದು ತಾಲೂಕಿನಲ್ಲಿ ಗಂಡನ ಹೊಡೆತಕ್ಕೆ ಸಿಕ್ಕ ಹೆಂಗಸರಿಗೆ ಹನ್ನೊಂದು ವರ್ಷದಿಂದ ಕೌನ್ಸೆಲರ್ ಆಗಿದ್ದೇನೆ. ಮೊದಲ ವರ್ಷಗಳಲ್ಲಿ ನಾನು ಮಾಡಿದ್ದೆಲ್ಲ ರಾಜಿ. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸುವುದು, ಇನ್ನು ಹೊಡೆಯುವುದಿಲ್ಲ ಅಂತ ಮುಚ್ಚಳಿಕೆ ಬರೆಸುವುದು, ಕಾಫಿ ಕುಡಿಸಿ ಕಳಿಸುವುದು. ತಿಂಗಳ ವರದಿಯಲ್ಲಿ ರಾಜಿಯ ಕಾಲಂ ತುಂಬಿದ್ದರೆ ಎಲ್ಲರಿಗೂ ಸಮಾಧಾನ.

2019ರಲ್ಲಿ ಹಾಗೆ ಕಳಿಸಿದ ಒಬ್ಬಾಕೆ ಎಂಟೋ ಒಂಬತ್ತೋ ದಿನಕ್ಕೆ ಸುಟ್ಟಗಾಯದ ವಾರ್ಡಿನಲ್ಲಿ ಸಿಕ್ಕಳು. ಜೀವ ಉಳಿಯಿತು. ಆವತ್ತು ರಾತ್ರಿ ಫೈಲು ತೆಗೆದು ಓದಿದೆ. "ಎರಡು ಸಲ ಕತ್ತು ಅಮುಕಿದ್ದಾನೆ" ಅಂತ ನನ್ನದೇ ಕೈಬರಹ. ಅದರ ಕೆಳಗೆ, ಅದೇ ಪೆನ್ನಿನಲ್ಲಿ, "ರಾಜಿಯಾಗಿದೆ."

ಆಮೇಲಿಂದ ಮೊದಲು ಯಾರ ಜೀವಕ್ಕೆ ಅಪಾಯ ಅನ್ನುವ ವಿಂಗಡಣೆ, ಮಿಕ್ಕಿದ್ದೆಲ್ಲ ನಂತರ. ಅಮೆರಿಕದ ನರ್ಸ್ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1985ರಲ್ಲಿ ಮಾಡಿದ, ಅಪಾಯ ಅಳೆಯುವ ಪ್ರಶ್ನೆಗಳ ಪಟ್ಟಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಅದರಲ್ಲಿ ಬಂದೂಕಿನ ಪ್ರಶ್ನೆ ಇದೆ. ನಾನು ಆ ಜಾಗಕ್ಕೆ ಪೆಟ್ರೋಲು, ಮಚ್ಚು, ಹೊಲಕ್ಕೆ ಹೊಡೆಯುವ ಔಷಧಿ ಹಾಕಿಕೊಂಡೆ. ಬಸುರಿಯಾಗಿದ್ದಾಗ ಹೊಡೆದನಾ, ತವರಿಗೆ ಹೋಗ್ತೀನಿ ಅಂದಾಗ ಏನು ಮಾಡಿದ, ತಾನೇ ಸಾಯ್ತೀನಿ ಅಂತಾನಾ, ಇವೆಲ್ಲ ಇದ್ದೇ ಇವೆ. ಕೊನೆಯದು, "ನಿನ್ನನ್ನು ಕೊಂದೇಬಿಡ್ತಾನೆ ಅಂತ ನಿನಗೆ ಅನ್ನಿಸುತ್ತಾ?" ಇದಕ್ಕೆ ಹೌದು ಅಂದರೆ ಮಿಕ್ಕ ಅಂಕಗಳನ್ನು ನಾನು ಕೂಡಿಸುವುದೇ ಇಲ್ಲ.

ಕತ್ತಿನ ಪ್ರಶ್ನೆ ಕೇಳುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು. "ಕತ್ತು ಹಿಸುಕಿದ್ದಾನಾ" ಅಂದರೆ ಇಲ್ಲ ಅಂತಾರೆ. "ಉಸಿರು ಕಟ್ಟೋ ಹಾಗೆ ಗೋಡೆಗೆ ಒತ್ತಿ ಹಿಡಿದಿದ್ದನಾ" ಅಂದರೆ ತಲೆ ತಗ್ಗಿಸುತ್ತಾರೆ. ಒಬ್ಬಾಕೆ ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಎಳೆದುಕೊಂಡು ಕೂತಿದ್ದಳು. ದನಿ ಒಡೆದಿತ್ತು. ಕಾಫಿಯ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನುಂಗಲಾರದೆ ಲೋಟಕ್ಕೇ ಉಗಿದಳು. ಕಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ. ಕತ್ತಿನ ಮೇಲೆ ಒಂದು ಗೀರೂ ಇರಲಿಲ್ಲ. ಆಸ್ಪತ್ರೆಯಲ್ಲಿ "ಹೊರಗಾಯ ಇಲ್ಲ" ಅಂತ ಬರೆದು ಕಳಿಸಿಬಿಟ್ಟರು. ಈಗ ನಾನು ಜೊತೆಗೇ ಹೋಗುತ್ತೇನೆ. ದನಿ, ಕಣ್ಣು, ನುಂಗುವ ತೊಂದರೆ, ಮೂರನ್ನೂ ಎಂಎಲ್‌ಸಿಯಲ್ಲಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಆಸ್ಪತ್ರೆ ದಾಖಲೆಯಲ್ಲಿ, ಬರೆಯುವ ತನಕ ಕದಲುವುದಿಲ್ಲ.

ಇನ್ನು ಪ್ರತಿ ಶುಕ್ರವಾರ ಠಾಣೆಗೆ ಹೋಗುವ ವಿಷಯ. ಇಂಗ್ಲೆಂಡ್ ಪಕ್ಕದ ವೇಲ್ಸ್‌ನ ಕಾರ್ಡಿಫ್‌ನಲ್ಲಿ 2003ರಿಂದ ಪೊಲೀಸ್, ಆಸ್ಪತ್ರೆ, ಸಂಸ್ಥೆಗಳೆಲ್ಲ ಒಟ್ಟಿಗೆ ಕೂತು ಹೆಚ್ಚು ಅಪಾಯದ ಹೆಂಗಸರ ಬಗ್ಗೆ ಮಾತಾಡುತ್ತಾರೆ ಅಂತ ಒಂದು ತರಬೇತಿಯಲ್ಲಿ ಕೇಳಿದ್ದೆ. ಬಂದು ನಾನೂ ಸಭೆ ಕರೆದೆ. ನಾಲ್ಕು ತಿಂಗಳು ಒಬ್ಬರೂ ಬರಲಿಲ್ಲ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಸುಮ್ನೆ ಯಾಕೆ ಮೇಡಂ" ಅಂದರು ಒಬ್ಬ ಎಎಸ್‌ಐ. ಸಭೆ ಅನ್ನುವ ಮಾತನ್ನೇ ಬಿಟ್ಟೆ. ಶುಕ್ರವಾರ ನಾಲ್ಕು ಗಂಟೆಗೆ ಒಂದು ಹಾಳೆ ಹಿಡಿದು ನಾನೇ ಠಾಣೆಗೆ ಹೋಗತೊಡಗಿದೆ. ಹಾಳೆಯಲ್ಲಿ ಮೂರಕ್ಕಿಂತ ಜಾಸ್ತಿ ಹೆಸರು ಇರಬಾರದು. ಹತ್ತು ಹೆಸರಿದ್ದರೆ ಯಾರೂ ಓದುವುದಿಲ್ಲ. ಒಂದೊಂದು ಹೆಸರಿನ ಮುಂದೆ ಈ ವಾರ ಯಾರು ಏನು ಮಾಡಬೇಕು ಅಂತ ಒಂದೇ ಸಾಲು. ಆರನೇ ವಾರಕ್ಕೆ ಮಹಿಳಾ ಹೆಡ್ ಕಾನ್ಸ್‌ಟೇಬಲ್ ಕುರ್ಚಿ ಹಾಕಿಸಿದರು. ಈಗ ಕಾನೂನು ಸೇವೆಯ ವಕೀಲರು, ಆಶಾ ಮೇಲ್ವಿಚಾರಕಿ ಇಬ್ಬರೂ ಅಲ್ಲಿಗೇ ಬರುತ್ತಾರೆ. ಆ ಎಎಸ್‌ಐ ಹೋದ ವರ್ಷ ತಾವೇ ಫೋನ್ ಮಾಡಿ, "ಕತ್ತಿನ ಕೇಸು ಬಂದಿದೆ, ಹಾಳೆಗೆ ಸೇರಿಸ್ಕೊಳ್ಳಿ" ಅಂದರು.

ಆದರೂ ಒಂದು ಪೆಟ್ಟು ತಿಂದ ಮೇಲೇ ನನಗೆ ಮುಖ್ಯವಾದದ್ದು ಹೊಳೆದದ್ದು. ಒಬ್ಬಾಕೆಯ ಡಿಐಆರ್, ಅಂದರೆ ಹಿಂಸೆಯ ವಿವರದ ವರದಿ, ಆಯಿತು, ಕೌಟುಂಬಿಕ ಹಿಂಸೆ ಕಾಯ್ದೆಯ ಸೆಕ್ಷನ್ 12ರಲ್ಲಿ ಕೋರ್ಟಿಗೆ ಅರ್ಜಿ ಆಯಿತು, ಗಂಡನಿಗೆ ನೋಟಿಸ್ ಹೋಯಿತು. ಸಂಜೆ ಆರಕ್ಕೆ ಆತನ ಕೈ ಸೇರಿದಾಗ ಆಕೆ ಅಡುಗೆ ಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಪಕ್ಕೆಲುಬು ಎರಡು ಮುರಿದವು. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ನೋಟಿಸ್ ಜಾರಿ ಮಾಡಿಸುವ ಹೊಣೆ ಈ ಕಾಯ್ದೆಗಾಗಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಯದು, ಎರಡು ದಿನದ ಒಳಗೆ. ಅಂದರೆ ಯಾವತ್ತು ಹೋಗುತ್ತದೆ ಅನ್ನುವುದು ನಮ್ಮ ಕಡೆಯವರಿಗೇ ಮೊದಲು ಗೊತ್ತಾಗುವ ಸಂಗತಿ, ಅಲ್ವಾ? ಹಾಗಾದರೆ ಆಕೆಗೆ ಯಾಕೆ ಗೊತ್ತಿರಲಿಲ್ಲ? ಈಗ ಕಾಗದ ಹೊರಡುವ ಮೊದಲು ನನಗೊಂದು ಫೋನ್ ಬರುತ್ತದೆ. ಹಿಂದಿನ ದಿನವೇ ಆಕೆ, ಮಕ್ಕಳು ಹೊರಗೆ. ಸೆಕ್ಷನ್ 23ರಲ್ಲಿ ಏಕಪಕ್ಷೀಯ ಆದೇಶ, ಅಂದರೆ ಗಂಡನ ಮಾತು ಕೇಳುವ ಮೊದಲೇ ಕೋರ್ಟು ಕೊಡುವ ರಕ್ಷಣೆ, ಸಿಕ್ಕರೆ ಇನ್ನೂ ಒಳ್ಳೆಯದು. ನಕಲು ಠಾಣೆಗೆ ತಾನಾಗಿ ಬರಲಿ ಅಂತ ಕಾಯಬೇಡಿ, ಕೈಯಾರೆ ಒಯ್ದು ಸ್ವೀಕೃತಿ ತಗೊಳ್ಳಿ.

ದುಡ್ಡಿನ ಮಾತು. ಹೊರಡಬೇಕಾದಾಗ ಹಿಡಿದು ಹೋಗಲು ಒಂದು ಚೀಲ ಮೊದಲೇ ಕಟ್ಟಿಡುತ್ತೇವೆ, ಅದಕ್ಕೂ ಓಡಾಟಕ್ಕೂ ಸೇರಿ ಒಬ್ಬಾಕೆಗೆ ಸುಮಾರು 2,500 ರೂಪಾಯಿ ಬೀಳುತ್ತದೆ. ಕೀಪ್ಯಾಡ್ ಫೋನು 1,200 ಆಸುಪಾಸು, ರೀಚಾರ್ಜ್, ಆಟೋ, ಜೆರಾಕ್ಸ್. ವಕೀಲರ ಖರ್ಚಿಲ್ಲ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚೂ ಇಲ್ಲ ಅಂದುಕೊಂಡಿದ್ದೆ. ಆದರೆ ಆಧಾರ್ ಕಾರ್ಡು ಗಂಡನ ಬೀರುವಿನಲ್ಲಿ ಇರುತ್ತದೆ. ಹಾಗಾಗಿ ಟಿಕೆಟ್ ದುಡ್ಡು ಚೀಲದಲ್ಲಿ ಇರಲೇಬೇಕು. ಗೃಹಲಕ್ಷ್ಮಿಯ 2,000 ನಂಬಿ ಹೊರಟ ಒಬ್ಬಾಕೆ ಎಟಿಎಂನಲ್ಲಿ ದುಡ್ಡು ತೆಗೆದಳು, ಮೆಸೇಜು ಗಂಡನ ಮೊಬೈಲಿಗೆ ಹೋಯಿತು, ಯಾವ ಊರು ಅಂತ ಅದರಲ್ಲೇ ಇತ್ತು. ರಾತ್ರೋರಾತ್ರಿ ಜಾಗ ಬದಲಿಸಬೇಕಾಯಿತು. ಈಗ ತೆಗೆಯುವುದಿದ್ದರೆ ಹೊರಡುವ ಮೊದಲೇ ಊರಲ್ಲೇ. ಈ ಖರ್ಚಿಗೆ ಅನುದಾನದಲ್ಲಿ ದಾರಿ ಸಿಗಲಿಲ್ಲ. ಒಂದು ಸ್ತ್ರೀಶಕ್ತಿ ಸಂಘ ವರ್ಷಕ್ಕೆ ಹದಿನೈದು ಸಾವಿರ ಎತ್ತಿಕೊಡುತ್ತದೆ. ನನ್ನ ಕೈಯಿಂದ ಇಲ್ಲಿಯ ತನಕ ನಲವತ್ತು ಸಾವಿರ ಹೋಗಿರಬಹುದು.

ನಡುವೆ ಇಂಥ ಹೆಂಗಸರನ್ನು ತಲುಪಲು ಬೇರೆ ಪ್ರಯತ್ನಗಳೂ ನಡೆದವು. ಜಾತ್ರೆಯಲ್ಲಿ ಕರಪತ್ರ ಹಂಚಿದ್ದು ದಂಡ, ಗಂಡಸರೇ ಈಸಿಕೊಂಡರು. ಹಾಲಿನ ಡೇರಿ ಚೆನ್ನಾಗಿ ಕೆಲಸ ಮಾಡಿತು. ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ಹೆಂಗಸರೇ ಬರುತ್ತಾರೆ, ಸಾಲಿನಲ್ಲಿ ಹತ್ತು ನಿಮಿಷ ಸಿಗುತ್ತದೆ, ಗಂಡ ಎದ್ದಿರುವುದಿಲ್ಲ. ಎರಡು ತಿಂಗಳಲ್ಲಿ ಏಳು ಕೇಸು ಅಲ್ಲೇ ಸಿಕ್ಕವು. ಒಂದು ಊರಿನಲ್ಲಿ ಮಾತು ಸೋರಿತು, ಅಲ್ಲಿ ನಿಲ್ಲಿಸಿದೆ. ಫೋನಿನಲ್ಲಿ ಆಕೆ "ಹಸು ಕರು ಹಾಕ್ತಾ" ಅಂದರೆ "ಈಗಲೇ ಬನ್ನಿ" ಅಂತ ಅರ್ಥ ಇತ್ತು. ಈಗ ಬಳಸುವ ಮಾತು ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಚೀಲ ಎಲ್ಲಿಡುತ್ತೇವೆ ಅನ್ನುವುದನ್ನೂ ಕೇಳಬೇಡಿ. ಇದನ್ನು ಆ ಗಂಡಂದಿರೂ ಓದಬಹುದು.

ಐದು ವರ್ಷದಲ್ಲಿ ಅರವತ್ತು ಚಿಲ್ಲರೆ ಹೆಂಗಸರು ಹಾಳೆಗೆ ಬಂದಿದ್ದಾರೆ. ಒಬ್ಬಳೂ ಸತ್ತಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಹನ್ನೊಂದು ಮಂದಿ ವಾಪಸ್ ಹೋದರು. ಅವರಿಗೆ ಬೈಯುವುದಿಲ್ಲ, ಹೆಸರು ತೆಗೆಯುವುದೂ ಇಲ್ಲ, ಚೀಲ ಇದ್ದಲ್ಲೇ ಇರುತ್ತದೆ. ಇಬ್ಬರು ಅದೇ ಚೀಲ ಹಿಡಿದು ಮತ್ತೆ ಬಂದರು. ಒಬ್ಬಾಕೆಯ ಮಗನಿಗೆ ಅದರಲ್ಲಿದ್ದ ಅಂಗಿ ಮೊಣಕೈ ದಾಟಲಿಲ್ಲ. ಮಕ್ಕಳ ಬಟ್ಟೆ ಮಾತ್ರ ವರ್ಷಕ್ಕೊಮ್ಮೆ ಬದಲಾಯಿಸಿ.