ಸಿಡಿಯಲ್ಲಿರುವ ಹಳೆಯ ಆಕ್ಸೆಸ್ ಕಡತಗಳನ್ನು ತೆರೆಯುವ ಬಗೆ

ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನ 97ರ ಆವೃತ್ತಿಯಲ್ಲಿ ಸಿದ್ಧಪಡಿಸಿ ಸಿಡಿಗೆ ಬರೆದಿಟ್ಟ ಎಂಡಿಬಿ (.mdb) ಕಡತವನ್ನು ನೇರವಾಗಿ ಸಿಡಿಯಿಂದಲೇ ಹೊಸ ರೂಪಕ್ಕೆ ಪರಿವರ್ತಿಸಲು ಹೋಗಬಾರದು. ಅದನ್ನು ಮೊದಲು ಹಾರ್ಡ್ ಡಿಸ್ಕಿಗೆ ನಕಲಿಸಿ, ಪ್ರಾಪರ್ಟೀಸ್‌ನಲ್ಲಿ ‘ರೀಡ್-ಓನ್ಲಿ’ ಗುರುತು ಉಳಿದಿದ್ದರೆ ತೆಗೆಯಿರಿ. ಆಕ್ಸೆಸ್ 2013 ಮತ್ತು ನಂತರದ ಆವೃತ್ತಿಗಳು 97ರ ಕಡತವನ್ನು ತೆರೆಯುವುದೇ ಇಲ್ಲವಾದ್ದರಿಂದ, 2007 ಅಥವಾ 2010ರ ಆವೃತ್ತಿಯಿರುವ ಗಣಕದಲ್ಲಿ ತೆರೆದು ಹೊಸ ಆವೃತ್ತಿಗಳ ಎಸಿಸಿಡಿಬಿ (.accdb) ರೂಪದಲ್ಲಿ ಉಳಿಸಿಕೊಳ್ಳಬೇಕು. ಅಂಥ ಗಣಕ ಸಿಗದಿದ್ದರೆ ಲಿನಕ್ಸ್‌ನಲ್ಲಿ ಎಂಡಿಬಿ ಟೂಲ್ಸ್ ಎಂಬ ತಂತ್ರಾಂಶ ಬಳಸಿ ಒಂದೊಂದೇ ಟೇಬಲ್ಲನ್ನು ಸಿಎಸ್‌ವಿಗೆ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ ಕಡತಕ್ಕೆ) ಇಳಿಸಬಹುದು. ಫಾರಂ, ರಿಪೋರ್ಟುಗಳು ಮಾತ್ರ ಬರುವುದಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಆಕ್ಸೆಸ್‌ಗೆ ಬಂದದ್ದು 2000ದ ಆವೃತ್ತಿಯಲ್ಲಿ. ಹೀಗಾಗಿ ಅದಕ್ಕೂ ಮೊದಲು, ಲ್ಯಾಟಿನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುವ ಕನ್ನಡ ಫಾಂಟಿನಲ್ಲಿ ತುಂಬಿದ ಹೆಸರುಗಳು ಈಗ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಂಡರೆ ಕಡತವೇ ಕೆಟ್ಟಿದೆಯೆಂದು ತಿಳಿಯಬೇಕಿಲ್ಲ. ಆ ಫಾಂಟಿಗೆ ತಕ್ಕ ಪರಿವರ್ತಕದಿಂದ ಅವನ್ನು ಯೂನಿಕೋಡಿಗೆ ತರಬಹುದು.